ಏನೂ ಬೆಳೆಯದಿರಲಿ ಎಂದು ಕಾದದ್ದು

ಮೊನ್ನೆ ಮಗಳ ಹುಟ್ಟುಹಬ್ಬಕ್ಕೆ ಪುಡಿಂಗ್ ಮಾಡೋಣವೆಂದು ಚೈನಾ ಗ್ರಾಸ್ ಕುದಿಯಲು ಇಟ್ಟಿದ್ದೆ. ಬಿಳಿ ಎಳೆಗಳು ನೀರಿನಲ್ಲಿ ಕರಗುತ್ತ ಬಂದಂತೆ ಒಂಥರಾ ಪಾಚಿ ವಾಸನೆ ಎದ್ದಿತು. ತೀರ ಸಣ್ಣ ವಾಸನೆ. ಹಾಲು, ಸಕ್ಕರೆ ಬಿದ್ದ ಮೇಲೆ ಗೊತ್ತೇ ಆಗುವುದಿಲ್ಲ. ಆದರೆ ನನಗೆ ಆ ವಾಸನೆಯ ಗುರುತು ಸಿಕ್ಕಿತು. ಸೌಟು ಕೆಳಗಿಟ್ಟು ಒಲೆ ಆರಿಸಿದೆ. ಹತ್ತನೇ ಕ್ಲಾಸಿನಲ್ಲಿ ನಮಗೆ ವಿಜ್ಞಾನ ಹೇಳಿಕೊಟ್ಟ ಮೇಡಂ ನೆನಪಾದರು... ಮೇಡಂ ಜೊತೆಗೆ ಆ ಭಯವೂ.

ಮದ್ದೂರಿನಿಂದ ಭಾರತೀನಗರಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ಮೇಡಂ ಮಳವಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಸಣ್ಣ ಮೈಕಟ್ಟು, ದೊಡ್ಡ ದನಿ. ಆ ವರ್ಷ ತಾಲ್ಲೂಕು ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಶಾಲೆಯಿಂದ ಏನಾದರೂ ಹೊಸದನ್ನು ಕೊಂಡೊಯ್ಯಬೇಕೆಂದು ಅವರಿಗೆ ಬಹಳ ಆಸೆಯಿತ್ತು. ನಮ್ಮ ನಮ್ಮ ಮನೆಗಳಲ್ಲಿರುವ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ತೋರಿಸುವುದೆಂದಾಯಿತು.

ಮೇಡಂ ತಮ್ಮ ಮನೆಯಿಂದ ಹಳೇ ಕುಕ್ಕರ್ ತಂದರು. ಅದರ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡಗೀಟು ಎಳೆದು, "ಇದು ಇನ್ಮೇಲೆ ಅಡುಗೆಗೆ ಸೇರಲ್ಲ" ಎಂದರು. ಅಗರ್, ಅಂದರೆ ಇದೇ ಚೈನಾ ಗ್ರಾಸ್, ಕುದಿಸಿ, ಕುಕ್ಕರಿನಲ್ಲಿ ಬೇಯಿಸಿ, ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ತಟ್ಟೆಗಳಿಗೆ ಹೊಯ್ದು ಹೆಪ್ಪುಗಟ್ಟಿಸಿದರು. ನಾವು ಅಡುಗೆಮನೆಯ ಒರೆಸುವ ಬಟ್ಟೆ, ಟಿವಿ ರಿಮೋಟು, ಬಚ್ಚಲ ಬಕೆಟ್ಟಿನ ಅಂಚು ಇವುಗಳನ್ನು ಹತ್ತಿಕಡ್ಡಿಯಿಂದ ಸವರಿ ತಂದು ಆ ತಟ್ಟೆಗಳ ಮೇಲೆ ಮೆಲ್ಲಗೆ ಎಳೆದೆವು. ಗಾಯ, ಮೂಗು, ಹಸಿ ಮಾಂಸದ ಹತ್ತಿರ ಮಾತ್ರ ಹೋಗಕೂಡದು ಎಂದು ಮೊದಲೇ ಹೇಳಿದ್ದರು.

"ಟೇಪ್ ಸುತ್ತಿದ್ಮೇಲೆ ಮುಗೀತು. ಬೆಳೆದದ್ದನ್ನ ಮುಚ್ಚಳದ ಮೇಲಿಂದಲೇ ನೋಡ್ಬೇಕು. ಬಿಚ್ಚಿದವರ ಕೈ ಮುರೀತೀನಿ ಕಣ್ರಮ್ಮ!"

ನಾವು ನಕ್ಕೆವು. ಆಗಿನ್ನೂ ನಗುತ್ತಿದ್ದೆವು.

ಕೆಲವು ತಟ್ಟೆಗಳಲ್ಲಿ ಕೆನೆಬಣ್ಣದ ಹನಿಗಳು ಎದ್ದವು, ಕೆಲವದರಲ್ಲಿ ಹಳದಿ. ನಮ್ಮ ಮನೆಯ ಬಕೆಟ್ಟಿನ ತಟ್ಟೆಯಲ್ಲಿ ಎದ್ದದ್ದು ಕೆಂಪು. ರಕ್ತದ ಹನಿಗಳನ್ನು ಚಿಮುಕಿಸಿದ ಹಾಗೆ. ಹುಡುಗಿಯರೆಲ್ಲ ಹಿಂದೆ ಸರಿದರು. ನನಗೆ ಅಳು ಬಂತು. ದಿನಾ ಮೈ ತೊಳೆಯುವ ನೀರಿನ ಬಕೆಟ್ಟು ಅದು. ಅದೇ ಕಡ್ಡಿಯಿಂದ ಎಳೆದ ಇನ್ನೊಂದು ತಟ್ಟೆಯಲ್ಲೂ ಕೆಂಪೇ. "ಬಣ್ಣ ನೋಡಿ ಹೆಸರಿಡೋಕಾಗಲ್ಲ" ಎಂದು ಮೇಡಂ ಆ ಇನ್ನೊಂದನ್ನು ಭಾರತೀನಗರದ ಕಾಲೇಜೊಂದರ ಲೆಕ್ಚರರ್ ಬಳಿ ಪರೀಕ್ಷೆಗೆ ಕೊಟ್ಟು ಬಂದರು.

ಅಷ್ಟರಲ್ಲಿ ಎಲೆಕ್ಷನ್ ಬಂತು. ನಮ್ಮ ಶಾಲೆಯೇ ಮತಗಟ್ಟೆ. ಕೋಣೆಗಳನ್ನೆಲ್ಲ ಖಾಲಿ ಮಾಡಬೇಕು. ಮೇಡಂಗೆ ಬೇರೆ ಕಡೆ ಡ್ಯೂಟಿ, ಆಗಲೇ ಹೊರಡಬೇಕು. ಕೋಣೆ ಖಾಲಿ ಮಾಡಿಸಲು ಬಂದವರು ತಟ್ಟೆಗಳಿದ್ದ ಥರ್ಮಾಕೋಲ್ ಡಬ್ಬಿಯನ್ನು ತಿಪ್ಪೆಗೆ ಹಾಕಿ ಎಂದರು. ತಿಪ್ಪೆಯ ಪಕ್ಕದಲ್ಲೇ ಮಕ್ಕಳು ಆಡುತ್ತಿದ್ದರು. ಮೇಡಂ ಡಬ್ಬಿಗೆ ದಾರ ಬಿಗಿದು, ಶಾಲೆಗೆ ಹತ್ತಿರವಿದ್ದ ನಮ್ಮ ಮನೆಗೆ ಬಂದರು. ಬಾಣಂತನಕ್ಕೆ ಬಂದಿದ್ದ ಅಕ್ಕ ತೊಟ್ಟಿಲು ತೂಗುತ್ತಿದ್ದಳು. ಅದನ್ನು ನೋಡಿ ಮೇಡಂ ಹೊಸ್ತಿಲಲ್ಲೇ ನಿಂತರು.

"ಕೂಸಿರೋ ಮನೆ... ಬೇಡ" ಎಂದರು.

ಅಪ್ಪ ಗೆಜ್ಜಲಗೆರೆಯ ಫ್ಯಾಕ್ಟರಿಯಿಂದ ಆಗಷ್ಟೇ ಬಂದಿದ್ದ. "ಬುಡಿ ಮೇಡಂ, ಒಳಗಡೆ ಅಟ್ಟದ್ ಮ್ಯಾಲೆ ಮಡುಗ್ತೀನಿ. ಯಾರೂ ಮುಟ್ಟಾಕಿಲ್ಲ" ಎಂದು ಡಬ್ಬಿ ಇಸಿದುಕೊಂಡ.

ಯಾರೂ ಮುಟ್ಟಲಿಲ್ಲ. ಎಲೆಕ್ಷನ್ ದಿನ ಮಧ್ಯಾಹ್ನ ಬೆಕ್ಕೊಂದು ಅಟ್ಟದಿಂದ ಹಾರಿತು, ಡಬ್ಬಿ ಕೆಳಗೆ ಬಿತ್ತು. ಓಡಿಹೋಗಿ ನೋಡಿದರೆ ದಾರ ಜಾರಿ ಮುಚ್ಚಳ ತೆರೆದಿತ್ತು. ಕೆಂಪು ತಟ್ಟೆ ಎರಡು ಹೋಳಾಗಿ, ಕೂಸಿಗೆಂದು ಮಡಿಸಿಟ್ಟ ಬಟ್ಟೆಗಳ ಮೇಲೆ ಬಿದ್ದಿತ್ತು.

"ಎಲ್ಲಾ ಆಚೆ ಓಗಿ!" ಎಂದು ಕೂಗಿಕೊಂಡೆ. ಅಕ್ಕ ಕೂಸನ್ನು ಎತ್ತಿಕೊಂಡು ಜಗಲಿಗೆ ಓಡಿದಳು. ಮೇಡಂ ಹೇಳಿಕೊಟ್ಟಿದ್ದಂತೆ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು, ಮೂಗಿಗೆ ವೇಲು ಬಿಗಿದು, ಕಿಟಕಿ ತೆರೆದು, ಬ್ಲೀಚಿಂಗ್ ಪೌಡರ್ ಕದಡಿದ ನೀರನ್ನು ಅದರ ಮೇಲೆಲ್ಲ ಸುರಿದೆ. ಸ್ವಲ್ಪ ಹೊತ್ತು ಬಿಟ್ಟು ಎಲ್ಲವನ್ನೂ ಬಾಚಿ ಚೀಲಕ್ಕೆ ಕಟ್ಟಿದೆ.

ಸಂಜೆಯ ಹೊತ್ತಿಗೆ ಕೂಸಿನ ಮೈ ಸುಡತೊಡಗಿತು.

ಮಂಡ್ಯದ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಯಾರೂ ನನ್ನ ಮುಖ ನೋಡಲಿಲ್ಲ. ಮೇಡಂ ಫೋನು ಆಫ್ ಆಗಿತ್ತು. ಡಾಕ್ಟರು ಕೂಸನ್ನು ಒಳಗೆ ಸೇರಿಸಿಕೊಂಡರು. ಆ ತಟ್ಟೆಯಲ್ಲಿ ಏನಿತ್ತು ಎಂದು ಕೇಳಿದರು. ನಮಗೆ ಗೊತ್ತಿದ್ದದ್ದು ಒಂದೇ, ಅದು ಕೆಂಪಗಿತ್ತು.

ಮರುದಿನ ಬೆಳಿಗ್ಗೆ ಮೇಡಂ ಬಂದರು. ಡ್ಯೂಟಿ ಮುಗಿಸಿ, ಫೋನಿನಲ್ಲಿ ಅಪ್ಪನ ಕರೆಗಳನ್ನು ನೋಡಿ, ಮನೆಗೂ ಹೋಗದೆ ಬಂದಿದ್ದರು. ಬೆರಳುಗಳಿಗೆ ಮತಗಟ್ಟೆಯ ಶಾಯಿ ಮೆತ್ತಿತ್ತು. ಕೂಸಿನ ಜೊತೆ ಬಂದಿದ್ದ ನಮ್ಮಜ್ಜಿ ಅವರನ್ನು ಕಂಡದ್ದೇ ಎದ್ದು ನಿಂತಳು.

"ಪಾಟ ಯೇಳ್ಕೊಡಿ ಅಂತ ಕಳ್ಸುದ್ರೆ ರೋಗ ಸಾಕಕ್ಕೆ ಯೇಳ್ಕೊಟ್ರಾ? ನಮ್ ಕೂಸ್ಗೆ ಏನಾರ ಆಗ್ಲಿ, ನಿಮ್ನ ಸುಮ್ನೆ ಬುಡಾಕಿಲ್ಲ!"

ಮೇಡಂ ಅಲ್ಲೇ ನಿಂತು ಭಾರತೀನಗರದ ಲೆಕ್ಚರರ್‌ಗೆ ಫೋನು ಮಾಡಿ, ಸೀದಾ ಡಾಕ್ಟರ ಬಳಿ ಹೋದರು. ನಾವೂ ಹಿಂದೆಯೇ ಹೋದೆವು.

"ಬಕೆಟ್ಟಿನ ಅಂಚಿಂದ ತೆಗೆದದ್ದು ಡಾಕ್ಟ್ರೇ. ಮೈಕ್ರೋಸ್ಕೋಪಲ್ಲಿ ಗುಲಾಬಿ ಬಣ್ಣದ ಗಿಡ್ಡ ಕಡ್ಡಿಗಳ ಥರ ಕಂಡಿದೆಯಂತೆ. ಸೆರೇಷಿಯಾ ಅನ್ನೋ ಬ್ಯಾಕ್ಟೀರಿಯಾ ಇರಬಹುದು ಅಂತಾರೆ, ಖಚಿತ ಅಲ್ಲ. ಗಟ್ಟಿಮುಟ್ಟಾಗಿರೋರಿಗೆ ಸಾಮಾನ್ಯವಾಗಿ ಏನೂ ಮಾಡಲ್ಲ. ಎಳೇ ಮಕ್ಕಳಿಗೆ..." ಎಂದು ಅಕ್ಕನ ಕಡೆ ನೋಡಿದರು. ಆದರೂ ಮಾತು ನುಂಗಲಿಲ್ಲ. "ಎಳೇ ಮಕ್ಕಳಿಗೆ ತೊಂದರೆ ಮಾಡಬಹುದು."

ಅಕ್ಕ ಕೂಸಿದ್ದ ವಾರ್ಡಿನ ಕಡೆ ಓಡಿದಳು. ಏನೂ ಆಗಲ್ಲ ಎಂದು ಸುಳ್ಳಾದರೂ ಹೇಳಬಾರದಿತ್ತೇ ಎಂದು ನನಗೆ ಸಿಟ್ಟು ಬಂತು. ಡಾಕ್ಟರು ಮಾತ್ರ ಅವರ ಮಾತನ್ನೆಲ್ಲ ಬರೆದುಕೊಂಡು, ಅದಕ್ಕೂ ಸೇರಿಸಿ ಔಷಧಿ ಕೊಡುತ್ತೇವೆ ಎಂದರು. ಕೂಸಿನ ರಕ್ತವನ್ನು ಆಗಲೇ ಪರೀಕ್ಷೆಗೆ ಇಟ್ಟಿದ್ದರು.

ಹೊರಗೆ ಬೆಂಚಿನ ಮೇಲೆ ಮೇಡಂ ಪಕ್ಕ ಕೂತೆ. ಅವರ ಕೈಯಲ್ಲಿದ್ದ ಲೋಟದ ಟೀ ಆರಿ ಕೆನೆಗಟ್ಟಿತ್ತು.

"ಏನೂ ಆಗಲ್ಲ ಅಲ್ವಾ ಮೇಡಂ?"

"ಗೊತ್ತಿಲ್ಲ ಕಣಮ್ಮ... ನಂಗೂ ಕೈಕಾಲು ಆಡ್ತಿಲ್ಲ." ಲೋಟವನ್ನು ಬೆಂಚಿನ ಕೆಳಗಿಟ್ಟರು. "ಅವತ್ತೇ ಎಲ್ಲಾನೂ ಬ್ಲೀಚಲ್ಲಿ ಮುಳುಗಿಸಿ ಸಾಯಿಸಿಬಿಡಬೇಕಿತ್ತು. ಪ್ರದರ್ಶನದ ಆಸೆಗೆ ಉಳಿಸ್ಕೊಂಡೆ. ಇದು ನನ್ನ ತಪ್ಪು, ನೀನು ಹೊತ್ಕೋಬೇಡ."

ಆಮೇಲೆ, ಕ್ಲಾಸಿನಲ್ಲಿ ಹೇಳುವ ಹಾಗೆಯೇ ನಿಧಾನವಾಗಿ ಹೇಳಿದರು. ಒಳಗಿನ ಲ್ಯಾಬಿನಲ್ಲೂ ನಾವು ಮಾಡಿದ್ದನ್ನೇ ಮಾಡುತ್ತಾರೆ. ಕೂಸಿನ ರಕ್ತವನ್ನು ಸೀಸೆಯಲ್ಲಿ ಬೆಚ್ಚಗಿಟ್ಟು ಕಾಯುತ್ತಾರೆ. ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಅದರಲ್ಲಿ ಬೆಳೆಯುತ್ತದೆ. "ನಮ್ಮ ತಟ್ಟೇಲಿ ಬೆಳೀಲಿ ಬೆಳೀಲಿ ಅಂತ ಕಾದ್ವಿ. ಇದ್ರಲ್ಲಿ ಬೆಳೀದೇ ಇರ್ಲಿ ಅಂತ ಕಾಯ್ಬೇಕು."

ಒಂದೆರಡು ದಿನ ಹಾಗೆಯೇ ಕಾದೆವು. ಆ ಸೀಸೆಯನ್ನು ನಾನು ಕಂಡಿರಲಿಲ್ಲ. ಆದರೆ ಕಣ್ಣು ಮುಚ್ಚಿದರೆ ಅದರೊಳಗೆ ಕೆಂಪು ಚುಕ್ಕೆಗಳು ಒಂದೊಂದಾಗಿ ಏಳುತ್ತಿದ್ದವು. ಲ್ಯಾಬಿನ ಬಾಗಿಲು ಸದ್ದು ಮಾಡಿದರೆ ಸಾಕು, ಅಕ್ಕ ನನ್ನ ತೋಳನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು. ಮೇಡಂ ಶಾಲೆ ಮುಗಿಸಿ ಬರುವರು, ಕೊನೆಯ ಬಸ್ಸಿಗೆ ಹೋಗುವರು. ಅಜ್ಜಿ ಅವರಿಗೆ ಬೆನ್ನು ತಿರುಗಿಸಿಯೇ ಕೂತಿರುತ್ತಿದ್ದಳು.

ಕೊನೆಗೆ ಡಾಕ್ಟರು ಹೊರಗೆ ಬಂದು, "ಏನೂ ಬೆಳೆದಿಲ್ಲ. ಜ್ವರವೂ ಇಳಿದಿದೆ" ಎಂದರು. ವೋಟು ಹಾಕಲು ಬಂದು ಹೋದ ನೆಂಟರಿಂದ ನೆಗಡಿ ತಗುಲಿರಬೇಕು, ತಟ್ಟೆಯದಲ್ಲ ಎಂದರು. ಅಕ್ಕ ಅತ್ತಳು. ಮೇಡಂ ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖ ತೊಳೆದಿದ್ದರು. ಅಜ್ಜಿ ಅವರನ್ನು ನೋಡಿ ಬೆಂಚಿನಲ್ಲಿ ಸ್ವಲ್ಪ ಸರಿದಳು. "ಕೂತ್ಕೊಳವ್ವ. ನೀನ್ ನಿಜಾನೇ ಯೇಳ್ದೆ ಬುಡು" ಎಂದಳು. ಅದಕ್ಕಿಂತ ಹೆಚ್ಚು ಅಜ್ಜಿಗೆ ಬರುತ್ತಿರಲಿಲ್ಲ.

ಪ್ರದರ್ಶನಕ್ಕೆ ನಾವು ಹೋಗಲಿಲ್ಲ. ಮುಂದಿನ ವರ್ಷ ಮೇಡಂಗೆ ವರ್ಗವಾಯಿತು. ನಾನು ಓದು, ಮದುವೆ ಎಂದು ಮೈಸೂರು ಸೇರಿದೆ... ಹೋಗಿ ನೋಡಿ ಬರಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಅವರು ತೀರಿಕೊಂಡ ಸುದ್ದಿಯೂ ತಡವಾಗಿಯೇ ಬಂತು.

ಈ ವಾರ ಮಳವಳ್ಳಿಗೆ ಹೋಗಿದ್ದೆ. ಅವರ ಯಜಮಾನರು ಬಾಗಿಲು ತೆಗೆದರು. ಯಾರೆಂದು ಗುರುತು ಹೇಳಿ, ಮಂಡ್ಯದ ಆಸ್ಪತ್ರೆಯ ಕಥೆಯನ್ನೆಲ್ಲ ಹೇಳಿದೆ. ಅವರಿಗೆ ಅದೊಂದೂ ಗೊತ್ತಿರಲಿಲ್ಲ.

"ಆ ಎಲೆಕ್ಷನ್ ಆದ್ಮೇಲೆ ಒಂದೆರಡು ದಿನ ಊಟಾನೇ ಬುಟ್ಟಿದ್ಲು. ಡ್ಯೂಟಿ ಸುಸ್ತು ಅನ್ಕೊಂಡು ಸುಮ್ಕಾದೆ. ಕೇಳ್ಬೇಕಿತ್ತು ನಾನು" ಎಂದರು. ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ಕಡೆ ಬಹಳ ಹೊತ್ತು ನೋಡಿದರು.

ನಾನು ಹೊರಡಲು ಎದ್ದೆ. ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇನ್ನೊಂದ್ಸಲ ಯೇಳವ್ವ" ಎಂದರು. "ಮೊದಲಿಂದ ಯೇಳು."

ಕೂತು, ಮೊದಲಿನಿಂದ ಹೇಳಿದೆ.