ತಾರೀಖಕ್ಕನ ನಲವತ್ತೊಂದು ಲಾರಿಗಳು

ಆ ಲಾರಿ ಕಂಪನಿಗೆ ಟೈಪಿಸ್ಟ್ ಆಗಿ ಸೇರಿದಾಗ ನನಗೆ ಇಪ್ಪತ್ತೆರಡು. ಆಫೀಸು ಟೈರ್ ಗೋದಾಮಿನ ಮೇಲಿತ್ತು. ಮರದ ಮೆಟ್ಟಿಲು ಹತ್ತುವಾಗಲೇ ರಬ್ಬರಿನ ವಾಸನೆ ಮೂಗಿಗೆ ಅಡರುತ್ತಿತ್ತು. ಇವತ್ತಿಗೂ ಟೈರ್ ಅಂಗಡಿ ಮುಂದೆ ಹಾದುಹೋದರೆ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ.

ನನ್ನ ಪಕ್ಕದ ಮೇಜು ತಾರೀಖಕ್ಕನದು. ಯಜಮಾನರಿಂದ ಹಿಡಿದು ಗಾಡಿ ತೊಳೆಯುವವರ ತನಕ ಎಲ್ಲರೂ ಆಕೆಯನ್ನು ಹಾಗೇ ಕರೆಯುತ್ತಿದ್ದರು. ನಲವತ್ತೊಂದು ಲಾರಿಗಳ ಕಾಗದಪತ್ರ ಆಕೆಯ ಕೈಯಲ್ಲಿತ್ತು. ಇನ್ಶೂರೆನ್ಸ್, ಪರ್ಮಿಟ್, ರಸ್ತೆ ತೆರಿಗೆ, ಗಾಡಿ ಗಟ್ಟಿಯಾಗಿದೆ ಎನ್ನುವ ಫಿಟ್ನೆಸ್ ಸರ್ಟಿಫಿಕೇಟು, ಇವೆಲ್ಲಕ್ಕೂ ಬೇರೆಬೇರೆ ಕೊನೆಯ ದಿನ. ಅದರ ಜೊತೆಗೆ ಡ್ರೈವರುಗಳ ಲೈಸೆನ್ಸು. ಉದ್ದನೆಯ ಕಂದು ಪುಸ್ತಕವೊಂದರಲ್ಲಿ ಗಾಡಿಗೊಂದು ಪುಟ ಮಾಡಿ ಎಲ್ಲವನ್ನೂ ಬರೆದಿಟ್ಟಿದ್ದರೂ ಆಕೆ ಪುಸ್ತಕ ತೆರೆಯುತ್ತಿದ್ದುದು ನಮ್ಮ ಸಮಾಧಾನಕ್ಕೆ ಮಾತ್ರ.

ನನ್ನ ಮದುವೆಯ ದಿನ ಹೇಳಿದಾಗ ಆಕೆ ಚಾವಣಿ ನೋಡಿ, "ಹನ್ನೆರಡನೇ ತಾರೀಖಾ? ಹದಿನೇಳನೇ ಗಾಡಿ ಪರ್ಮಿಟ್ ಮುಗಿಯೋ ದಿನ. ಇರಲಿ, ಅದನ್ನ ಮುಗಿಸ್ಕೊಂಡು ಊಟದ ಹೊತ್ತಿಗೆ ಬರ್ತೀನಿ" ಅಂದರು. ಬೆರಳ ತುಂಬ ಮೊಹರಿನ ಶಾಯಿ ಮೆತ್ತಿಕೊಂಡೇ ಬಂದು ನಮ್ಮನ್ನು ಹರಸಿದರು.

ಆಕೆಯ ಜಗಳಗಳೂ ತಾರೀಖಿನ ಮೇಲೆಯೇ. ಗುಡುಗು ಎಂದು ಹೆಸರಾದ ಒಬ್ಬ ಡ್ರೈವರಿದ್ದ. ಅವನ ದನಿ ಕೇಳಿದರೆ ಕಿಟಕಿ ಗಾಜು ಅದುರುತ್ತಿತ್ತು. ಒಂದು ಬೆಳಿಗ್ಗೆ ಅವನ ಗಾಡಿ ಸರಕು ತುಂಬಿಕೊಂಡು ನಿಂತಿತ್ತು, ಆದರೆ ಫಿಟ್ನೆಸ್ ಹಿಂದಿನ ದಿನಕ್ಕೇ ಮುಗಿದಿತ್ತು. ಅಕ್ಕ ಮೊದಲೇ ಕೇಳಿಕೊಂಡಿದ್ದರೂ ಹೊಸ ತಪಾಸಣೆಗೆ ಸಿಕ್ಕಿದ್ದು ಮಾರನೆಯ ದಿನ. ಅಕ್ಕ ಕೆಳಗಿಳಿದು ಹೋಗಿ ಕೀಲಿ ಕಿತ್ತುಕೊಂಡು ತನ್ನ ಕೈಚೀಲಕ್ಕೆ ಹಾಕಿಕೊಂಡರು.

"ಒಂದು ದಿನದಲ್ಲಿ ಗಾಡಿ ಮುದಿಯಾಗುತ್ತಾ ಅಕ್ಕ?" ಅಂತ ಗುಡುಗು ಗುಡುಗಿದ.

"ಗಾಡಿ ಆಗಲ್ಲ. ಕಾಗದ ಆಗುತ್ತೆ."

ಯಜಮಾನರು ಓಡಿ ಬಂದರು. "ಬಿಡಮ್ಮ, ಪಕ್ಕದೂರಿಗೆ ತಾನೇ ಹೋಗೋದು."

"ಪಕ್ಕದೂರಿನ ದಾರೀಲೂ ಜನ ಓಡಾಡ್ತಾರೆ ಯಜಮಾನ್ರೇ. ಏನಾದ್ರೂ ಆದ್ರೆ ಇನ್ಶೂರೆನ್ಸ್‌ನೋರು ಕೈ ಎತ್ತಿಬಿಡ್ತಾರೆ. ಆಮೇಲೆ ಆ ಮನೆಯವರ ಮುಂದೆ ನಾನು ಯಾವ ಮುಖ ಇಟ್ಕೊಂಡು ನಿಲ್ಲಲಿ?"

ಸರಕು ಬೇರೆ ಕಂಪನಿಯ ಲಾರಿಯಲ್ಲಿ ಹೋಯಿತು. ಆ ಗಿರಾಕಿ ಮತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ. ಗುಡುಗು ಆರು ತಿಂಗಳು ಅಕ್ಕನ ಜೊತೆ ಮಾತು ಬಿಟ್ಟ.

ಮರುವರ್ಷ ಅಕ್ಕನ ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ಮನೆಯಲ್ಲಿ ಇದ್ದವರೇ ಇಬ್ಬರು, ತಾಯಿ ಮತ್ತು ಮಗಳು. ಅಕ್ಕ ಪುಸ್ತಕ ನನ್ನ ಮುಂದಿಟ್ಟು, "ದಿನಾ ಬೆಳಿಗ್ಗೆ ಎಲ್ಲ ಪುಟ ತಿರುವಿ ಹಾಕು, ಅಷ್ಟೇ ಕೆಲಸ" ಎಂದು ಹೇಳಿ ಆಸ್ಪತ್ರೆಗೆ ಹೋದರು. ನಾನು ದಿನಾ ತಿರುವಿ ಹಾಕಿದೆ. ನನ್ನದೇ ಗೋಂದಿನ ಬಾಟಲಿ ಸೋರಿ ಇಪ್ಪತ್ತೆಂಟು, ಇಪ್ಪತ್ತೊಂಬತ್ತನೆಯ ಪುಟಗಳು ಅಂಟಿಕೊಂಡಿದ್ದು ಮಾತ್ರ ಕಣ್ಣಿಗೆ ಬೀಳಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಒಂದು ಪೆಟ್ರೋಲ್ ಬಂಕಿನಿಂದ ಗುಡುಗು ಫೋನು ಮಾಡಿದ. "ಗಾಡಿ ನಿಲ್ಲಿಸಿದೀನಿ. ಗಾಡೀಲಿರೋ ಕಾಗದ ನೋಡಿದೆ, ಇನ್ಶೂರೆನ್ಸ್ ನಿನ್ನೆಗೇ ಮುಗಿದಿದೆ. ಅಕ್ಕಂಗೆ ಹೇಳು."

ಪುಸ್ತಕ ತೆಗೆದು ನೋಡಿದೆ, ಅಂಟಿಕೊಂಡಿದ್ದ ಎರಡು ಪುಟಗಳಲ್ಲಿ ಒಂದು ಅವನ ಗಾಡಿಯದು. ಆಸ್ಪತ್ರೆಗೆ ಓಡಿದೆ. ಅಕ್ಕ ಅಮ್ಮನ ತಲೆ ಬಾಚುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಜಡೆ ಹೆಣೆದು ಮುಗಿಸಿ, ಪಕ್ಕದ ಹಾಸಿಗೆಯವರಿಗೆ "ಸ್ವಲ್ಪ ನೋಡ್ಕೊಳ್ಳಿ" ಎಂದು ಹೇಳಿ ಎದ್ದರು. ಇನ್ಶೂರೆನ್ಸ್ ಆಫೀಸಿನವರು ಗಾಡಿ ನೋಡದೆ ಕೊಡುವುದಿಲ್ಲ ಎಂದರು. ಅಕ್ಕ ಅವರ ಮೇಜಿನ ಫೋನನ್ನೇ ಹಿಡಿದು, ಲಾರಿ ನಿಂತಿದ್ದ ಊರಿನ ಶಾಖೆಯವರನ್ನು ಅಲ್ಲಿಗೆ ಕಳಿಸಿ, ಮಧ್ಯಾಹ್ನದೊಳಗೆ ಹೊಸ ಕಾಗದ ಮಾಡಿಸಿದರು. ಆಮೇಲೆ ಅದನ್ನು ಗುಡುಗಿಗೆ ಕೊಡಲು ನಾವಿಬ್ಬರೂ ಬಸ್ಸು ಹತ್ತಿದೆವು. ಮೂರು ಗಂಟೆಯ ದಾರಿಯಲ್ಲಿ ಆಕೆ ನನ್ನನ್ನು ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಗುಡುಗು ಮರದ ನೆರಳಲ್ಲಿ ಲಾರಿ ನಿಲ್ಲಿಸಿ, ಒಗೆದ ಅಂಗಿಯನ್ನು ಅದರ ಕನ್ನಡಿಗೆ ನೇತುಹಾಕಿ, ಬನಿಯನ್ನಿನಲ್ಲಿ ಕೂತಿದ್ದ.

"ಬೇರೆಯವರಾಗಿದ್ರೆ ಓಡಿಸ್ಕೊಂಡು ಬಂದುಬಿಡ್ತಿದ್ರು" ಅಂದೆ ನಾನು.

"ನಾನೂ ಬರ್ತಿದ್ದೆ. ಕೀಲಿ ತಿರುಗಿಸೋವಾಗ ಈಯಮ್ಮನ ಮುಖ ಕಣ್ಮುಂದೆ ಬಂತು, ಕೈಯೇ ಆಡಲಿಲ್ಲ."

"ಆರು ತಿಂಗಳು ಮಾತು ಬಿಟ್ಟಿದ್ದೋನು ನೀನು" ಅಂದರು ಅಕ್ಕ.

"ಮಾತು ಬಿಟ್ಟಿದ್ದೆ. ಕೇಳಿಸ್ಕೊಳ್ಳೋದು ಬಿಟ್ಟಿದ್ದೆ ಅಂದ್ನಾ?"

ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕರು, ನಗುನಗುತ್ತಲೇ ಕಣ್ಣೊರೆಸಿಕೊಂಡರು. ಹತ್ತು ದಿನಗಳ ಆಸ್ಪತ್ರೆಯೆಲ್ಲ ಆ ನಗೆಯಲ್ಲಿ ಕರಗಿಹೋದ ಹಾಗಿತ್ತು.

ಮಾರನೆಯ ದಿನ ಯಜಮಾನರು ಹೇಗಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಮೇಜಿನ ಕೆಳಗೆ ನನ್ನ ಕಾಲು ಒತ್ತಿ ಹಿಡಿದು, "ಪುಸ್ತಕ ನನ್ನದು, ತಪ್ಪೂ ನನ್ನದೇ" ಎಂದುಬಿಟ್ಟರು. ಯಜಮಾನರು ಹೋದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ.

"ಅಳೋದು ಆಮೇಲೆ. ಮೊದಲು ಗೋಂದಿನ ಬಾಟಲಿಗೆ ಮುಚ್ಚಳ ಹಾಕು" ಅಂದರು.

ಅದಾಗಿ ಹದಿನೆಂಟು ವರ್ಷ ಅಕ್ಕಪಕ್ಕ ಕೂತು ಕೆಲಸ ಮಾಡಿದೆವು. ಆಕೆಯ ಅಮ್ಮ ಕೋಲು ಹಿಡಿದು ಮತ್ತೆ ನಡೆದಾಡಿದರು, ಬಹಳ ಕಾಲ ಬಾಳಿದರು. ಯಜಮಾನರಿಗೆ ವಯಸ್ಸಾಗಿ ಕಂಪನಿ ಮುಚ್ಚಲು ನಿರ್ಧರಿಸಿದಾಗ ಲಾರಿಗಳು ಒಂದೊಂದಾಗಿ ಮಾರಾಟವಾದವು. ಕೊನೆಗೆ ಉಳಿದದ್ದು ಯಾರಿಗೂ ಬೇಡವಾದ ಒಂದು ಹಳೆಯ ಗಾಡಿ. ಅದಕ್ಕೂ ಅಕ್ಕ ಇನ್ಶೂರೆನ್ಸ್ ಕಟ್ಟಿಸಲು ಹೊರಟಾಗ ಯಜಮಾನರಿಗೆ ನಗು ಬಂತು.

"ಗುಜರಿಗೆ ಹೋಗೋ ಗಾಡಿಗೆ ಇನ್ಶೂರೆನ್ಸ್ ಯಾಕಮ್ಮ?"

"ಗುಜರಿ ಅಂಗಡಿ ತನಕ ರಸ್ತೆ ಮೇಲೇ ತಾನೇ ಹೋಗ್ಬೇಕು?"

ಯಜಮಾನರು ಸಹಿ ಹಾಕಿದರು. ಆ ಗಾಡಿ ಎಲ್ಲ ಕಾಗದ ಸರಿಯಾಗಿಟ್ಟುಕೊಂಡು, ಗೌರವದಿಂದ ಗೇಟು ದಾಟಿತು.

ಈಗ ನಾನಿರುವ ಆಫೀಸಿನಲ್ಲಿ ಕಂಪ್ಯೂಟರೇ ಹದಿನೈದು ದಿನ ಮುಂಚೆ ಕೆಂಪು ಅಕ್ಷರದಲ್ಲಿ ಎಚ್ಚರಿಸುತ್ತದೆ. ಭಾನುವಾರಗಳಲ್ಲಿ ಬಿಡುವಾದಾಗ ಅಕ್ಕನ ಮನೆಗೆ ಹೋಗುತ್ತೇನೆ. ಆಕೆ ಲಾರಿಗಳ ಸುದ್ದಿ ಎತ್ತುವುದು ಅಪರೂಪ. ಮೊಣಕಾಲು ನೋವು, ಹಿತ್ತಿಲ ಟೊಮೆಟೊ ಗಿಡ, ಎದುರು ಮನೆಯವರ ಬೆಕ್ಕು, ಹೀಗೆ ಮಾತು ಸಾಗುತ್ತದೆ. ಹೊರಡುವಾಗ ಒಂದಿಷ್ಟು ಟೊಮೆಟೊ ಕಟ್ಟಿಕೊಡುತ್ತಾರೆ, ನಾನು ಬೇಡವೆನ್ನುವುದಿಲ್ಲ.