ಎರಡು ಪ್ರೊಸೆಸರ್, ಒಂದು ಸೆರಗು

ಮದುವೆಯ ವಿಡಿಯೊದಲ್ಲಿ ಬೇರೆ ಊರಿನವರು ಮುಖ ನೋಡುತ್ತಾರೆ. ಇಳಕಲ್ಲಿನ ನಮ್ಮ ಓಣಿಯವರು ಮೊದಲು ಸೆರಗು ನೋಡುತ್ತಾರೆ, ಆಮೇಲೆ ದಡಿ. ಮುಖದ ಪಾಳಿ ಅದಾದ ಮೇಲೆ. ನೇಕಾರರ ಓಣಿ, ಕಣ್ಣು ತಾನಾಗಿ ಸೀರೆಗೆ ಹೋಗುತ್ತದೆ. ಇಷ್ಟು ವರ್ಷ ಅಲ್ಲೇ ವಿಡಿಯೊ ಅಂಗಡಿ ಇಟ್ಟುಕೊಂಡು, ಇದೆಲ್ಲ ಗೊತ್ತಿದ್ದೂ ನಾನು ಎಡವಿದೆ.

ನಾನು ಏಳನೇ ಇಯತ್ತೆಗೆ ಸಾಲೆ ಬಿಟ್ಟವನು. ಮದುವೆಗಳಲ್ಲಿ ಲೈಟು ಹಿಡಿದು ನಿಂತೆ, ಆಮೇಲೆ ಕ್ಯಾಮೆರಾ ಹಿಡಿದೆ, ಕೊನೆಗೆ ಸ್ವಂತ ಅಂಗಡಿ ಹಾಕಿದೆ. ಕಂಪ್ಯೂಟರ್ ಕಲಿತದ್ದು ಅಕ್ಷರ ಓದಿ ಅಲ್ಲ, ಜಾಗ ನೋಡಿ. ಮೇಲಿನಿಂದ ಮೂರನೆಯದನ್ನು ಒತ್ತು, ಬಲಗಡೆ ಕೆಳಗಿನದನ್ನು ಒತ್ತು, ಹೀಗೆ. ಅದರಲ್ಲೇ ನೂರಾರು ಮದುವೆ ಮಾಡಿಕೊಟ್ಟಿದ್ದೇನೆ. ಯಾರ ಹತ್ತಿರವೂ ಕೇಳಲು ಹೋದವನಲ್ಲ.

ಎರಡು ತಾಸಿನ ಮದುವೆಯನ್ನು ಕತ್ತರಿಸಿ ಜೋಡಿಸಿದ ಮೇಲೆ ಅದನ್ನು ಹಿಂಡಿ, ಟಿವಿಯಲ್ಲಿ ಓಡುವಂಥ ಒಂದು ಫೈಲು ಮಾಡಬೇಕು. ನಾವು ಅದಕ್ಕೆ ಎಕ್ಸ್‌ಪೋರ್ಟ್ ಹಾಕುವುದು ಅನ್ನುತ್ತೇವೆ. ಹಿಂಡುವ ಕೆಲಸ ಪ್ರೊಸೆಸರಿನದು. ನನ್ನ ಹಳೆಯ ಕಂಪ್ಯೂಟರಿಗೆ ಅದಕ್ಕೆ ಐದು ತಾಸು ಬೇಕಿತ್ತು. ಬೆಳಿಗ್ಗೆ ಹಾಕಿದರೆ, ನಾನು ಮನೆಗೆ ಹೋಗಿ ರೊಟ್ಟಿ ತಿಂದು ಬಂದರೂ ಅದರ ಫ್ಯಾನು ಉಸ್ಸಂತ ತಿರುಗುತ್ತಲೇ ಇರುತ್ತಿತ್ತು.

ಹೊಸದು ತರಲು ಬಾಗಲಕೋಟೆಗೆ ಹೋದೆ. ಡಬ್ಬಿಯ ಮೇಲೆ ಬರೆದದ್ದನ್ನು ನಾನು ನಂಬುವುದಿಲ್ಲ. ನನ್ನದೇ ಒಂದು ಮದುವೆಯನ್ನು ಪೆನ್‌ಡ್ರೈವಿನಲ್ಲಿ ಒಯ್ದಿದ್ದೆ. "ಇದನ್ನ ಹಾಕಿ ತೋರಸ್ರಿ" ಎಂದು ಅಂಗಡಿಯವನ ಮುಂದೆ ಗಡಿಯಾರ ನೋಡುತ್ತಾ ಕುಳಿತೆ. ಅರ್ಧ ತಾಸಿನಲ್ಲಿ ಮುಗಿಯಿತು. ಸಂತೋಷಕ್ಕೆ ಅವನಿಗೆ ಚಹಾ ಕುಡಿಸಿದವನು ನಾನೇ. ಊರಿಗೆ ಬಂದು ಸಿಕ್ಕವರಿಗೆಲ್ಲ ಹೇಳಿದೆ, ನನ್ನ ಹೊಸ ಮಶೀನು ಹಳೆಯದಕ್ಕಿಂತ ಹತ್ತು ಪಟ್ಟು ಚುರುಕು ಎಂದು. ಅದರಲ್ಲಿ ಬಾಗಲಕೋಟೆಯವರ ಎರಡು ಮದುವೆ ಮಾಡಿಕೊಟ್ಟೆ. ಯಾರೂ ಒಂದು ಮಾತು ಅನ್ನಲಿಲ್ಲ.

ಮೂರನೆಯದು ನಮ್ಮ ಓಣಿಯ ಕಾಕಾನ ಮಗಳದು. ಅವರು ರಕ್ತಸಂಬಂಧವಲ್ಲ, ಆದರೆ ಸಣ್ಣವನಿದ್ದಾಗಿಂದ ಅವರ ಮಗ್ಗದ ಕುಣಿಯ ದಂಡೆಯಲ್ಲಿ ಕುಳಿತು ಬೆಳೆದವನು ನಾನು. ಕಾಕಾ ಜೀವಮಾನವೆಲ್ಲ ಮಾಲಕರಿಗೆ ನೇಯ್ದವರು. ನೇಯ್ದದ್ದೆಲ್ಲ ಮಡಿಸಿ ಕೊಟ್ಟದ್ದೇ, ಮನೆಯಲ್ಲಿ ಉಳಿದದ್ದು ಒಂದೂ ಇಲ್ಲ. ಮಗಳ ಮದುವೆಯ ಸೀರೆಯೊಂದನ್ನು ಮಾತ್ರ ತಮ್ಮ ಮನಸ್ಸಿನಂತೆ, ತಮ್ಮದೇ ನೂಲಿನಲ್ಲಿ ನೇಯ್ದರು. ಆ ಸೀರೆಯೂ ಮಗಳ ಜೊತೆ ಬಾದಾಮಿಗೆ ಹೋಯಿತು.

ಮಂಗಳವಾರ ಪೆನ್‌ಡ್ರೈವ್ ಕೊಟ್ಟೆ. ಗುರುವಾರ ಕಾಕಾ ಅದನ್ನು ಅಂಗಿಯ ಕಿಸೆಯಿಂದ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು.

"ತಮ್ಮಾ, ಇದರಾಗ ನನ್ನ ಸೀರಿ ಇಲ್ಲ."

"ತಂಗಿ ಉಟ್ಟಾಳಲ್ಲ ಕಾಕಾ."

"ಉಟ್ಟಾಳ. ನಿಂತಾಗ ಅಡ್ಡಿಯಿಲ್ಲ. ನಡದಾಗ ತೆನಿ ಒಂದಕ್ಕೊಂದು ಕೂಡಿ ಬಿಡ್ತಾವ. ಕೊಂಡಿ ಹಾಕಿದ ಜಾಗಾ ಅಂತೂ ಕೆಂಪು ರಾಡಿ ಆಗೇತಿ."

ತೆನೆ ಅಂದರೆ ಕೆಂಪು ಸೆರಗಿನಲ್ಲಿ ಗೋಪುರದ ಸಾಲಿನಂತೆ ಎದ್ದು ನಿಲ್ಲುವ ಬಿಳಿ ಚಿತ್ತಾರ. ಕೊಂಡಿ ಅಂದರೆ ಸೀರೆಯ ಮೈಯ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಸಿಕ್ಕಿಸಿ ಜೋಡಿಸುವುದು. ಕೈ ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ.

"ನಿಮ್ಮ ಟಿವಿ ಹಳೇದಿರಬೇಕು."

"ಹಳೇದ ಐತಿ. ಹ್ವಾದ ವರ್ಷ ನಮ್ಮಣ್ಣನ ಮಗಳದು ನೀನ ಮಾಡಿದ್ದಿ, ಅದನ್ನ ಅದ ಟಿವಿದಾಗ ನೋಡೇನಿ. ಅದು ಹಿಂಗಿಲ್ಲ."

ಅದು ಹಳೆಯ ಮಶೀನಿನಲ್ಲಿ ಮಾಡಿದ್ದು. ಆಗ ಕಾಕಾ ತಮ್ಮ ಸಂಕಟ ಹೇಳಿದರು. ಅವರಿಗೆ ಕೊಂಡಿ ಹಾಕುವುದನ್ನು ಕಲಿಸಿದ ಉಸ್ತಾದರು ಹುನಗುಂದದಲ್ಲಿ ಮಗನ ಮನೆಯಲ್ಲಿದ್ದಾರೆ. ಮೊಣಕಾಲು ನೋವಿಗೆ ಮದುವೆಗೆ ಬರಲು ಆಗಿರಲಿಲ್ಲ. ಐತವಾರ ಊಟಕ್ಕೆ ಬರುತ್ತಾರೆ. ಸೀರೆಯನ್ನು ಅವರು ನೋಡುವುದು ವಿಡಿಯೊದಲ್ಲೇ.

"ಬಾದಾಮಿಯಿಂದ ಸೀರಿನ ತರಸ್ರಲ್ಲ" ಎಂದೆ.

"ಕೊಟ್ಟ ಸೀರಿ ತೋರಸಾಕ ವಾಪಸ್ ಕಳಸ್ರಿ ಅಂತ ಬೀಗರಿಗೆ ಹ್ಯಾಂಗ ಫೋನ್ ಹಚ್ಚಲಿ? ಬುದ್ಧಿ ಐತೇನ ನಿನಗ?"

ಮರುದಿನ ಬೆಳಿಗ್ಗೆ ಎರಡೂ ಕಂಪ್ಯೂಟರನ್ನು ಒಂದೇ ಮೇಜಿನ ಮೇಲೆ ಇಟ್ಟೆ. ಹೊಸದರ ಮಾನ ಉಳಿಸುವುದೇ ನನ್ನ ಉದ್ದೇಶವಾಗಿತ್ತು, ಸುಳ್ಳು ಹೇಳುವುದಿಲ್ಲ. ಮಗಳು ಹಂದರದೊಳಗೆ ನಡೆದು ಬರುವ ಮೂರು ನಿಮಿಷ ಮಾತ್ರ ಕತ್ತರಿಸಿ ಎರಡರಲ್ಲೂ ಹಾಕಿದೆ. ಕಾಕಾ ಸ್ಟೂಲಿನ ಮೇಲೆ ಕುಳಿತಿದ್ದರು. ಹೊಸದು ಒಂದು ನಿಮಿಷದೊಳಗೆ ಮುಗಿಸಿತು. ಹಳೆಯದು ಎಂಟು ನಿಮಿಷ ತೆಗೆದುಕೊಂಡಿತು. ಎರಡನ್ನೂ ಒಂದೇ ಪರದೆಯ ಮೇಲೆ ಇಟ್ಟು ನೋಡಿದರೆ, ಕಾಕಾ ಹೇಳಿದ್ದೇ ಖರೆ. ಹಳೆಯದರಲ್ಲಿ ತೆನೆ ಬಿಡಿಬಿಡಿ. ಹೊಸದರಲ್ಲಿ ಕುಂಕುಮ ಒರೆಸಿದಂತೆ.

"ಎರಡಕ್ಕೂ ಒಂದ ನೂಲು ಹಾಕಿದ್ದೇನು?" ಎಂದು ಕಾಕಾ ಕೇಳಿದರು.

"ಒಂದ ಫೈಲು ಕಾಕಾ."

"ಎಳಿನೂ ಅಷ್ಟ ಹಾಕಿದ್ದೇನು? ಎರಡು ಮಗ್ಗ ಹೋಲಿಸಬೇಕಂದ್ರ ನೂಲು ಒಂದ ಇದ್ರ ಸಾಲೂದಿಲ್ಲ. ಒಂದರಾಗ ಎಳಿ ಕಡಿಮಿ ಹಾಕಿ ಲಗೂ ನೇಯ್ದು, ಇದು ಚುರುಕ ಐತಿ ಅಂದ್ರ ಯಾವ ಮಾಲಕ ಒಪ್ಪತಾನ?"

ಎರಡರ ಸೆಟ್ಟಿಂಗನ್ನೂ ತೆರೆದು, ಬೆರಳಿಟ್ಟು ಸಾಲು ಸಾಲಾಗಿ ನೋಡುತ್ತಾ ಇಳಿದೆ. ಎಲ್ಲ ಒಂದೇ. ಕೆಳಗೆ ಒಂದು ಸಾಲು, ನಾನು ಎಂದೂ ಒತ್ತದ ಜಾಗದಲ್ಲಿ, ಬೇರೆ ಇತ್ತು. ಕೂಡಿಸಿ ಕೂಡಿಸಿ ಓದಿದೆ. ಹಳೆಯದರಲ್ಲಿ ಸಾಫ್ಟ್‌ವೇರ್, ಹೊಸದರಲ್ಲಿ ಹಾರ್ಡ್‌ವೇರ್. ಹಾರ್ಡ್‌ವೇರ್ ಅಂದರೆ, ಹೊಸ ಪ್ರೊಸೆಸರಿನೊಳಗೆ ಬೇಗ ಹಿಂಡುವುದಕ್ಕೇ ಒಂದು ಬೇರೆ ಭಾಗವಿತ್ತು, ಕೆಲಸ ಅದರ ಪಾಲಿಗೆ ಹೋಗುತ್ತಿತ್ತು. ಅದು ಬಿರುಸು, ಆದರೆ ಸಣ್ಣದನ್ನೆಲ್ಲ ಒಂದು ಮಾಡಿ ಮುಂದೆ ಓಡುತ್ತಿತ್ತು. ಹಳೆಯದರಲ್ಲಿ ಅಂಥ ಭಾಗವೇ ಇರಲಿಲ್ಲ, ಇಡೀ ಪ್ರೊಸೆಸರ್ ಕುಳಿತು ಮಾಡುತ್ತಿತ್ತು. ನಾನು ಊರೆಲ್ಲ ಡಂಗುರ ಹೊಡೆದದ್ದು ಹೋಲಿಕೆಯೇ ಆಗಿರಲಿಲ್ಲ.

ಹೊಸದರಲ್ಲೂ ಸಾಫ್ಟ್‌ವೇರ್ ಮಾಡಿ ಮತ್ತೆ ಹಾಕಿದೆ. ಮೂರು ನಿಮಿಷ ಹಿಡಿಯಿತು. ತೆನೆ ಬಿಡಿಬಿಡಿಯಾಗಿ ನಿಂತವು.

ಮೌಸು ಬಿಟ್ಟು ಕಾಕಾನ ಕಡೆ ತಿರುಗಿದೆ. "ತಪ್ಪು ನಂದು ಕಾಕಾ. ಓದಿರಲಿಲ್ಲ."

"ಮಶೀನಿಂದಲ್ಲ?"

"ಅಲ್ಲ."

"ಚೊಲೋ ಆತು. ಮಶೀನಿಂದಾಗಿದ್ರ ಮತ್ತ ಬಾಗಲಕೋಟಿಗೆ ಹೋಗಬೇಕಾಗಿತ್ತು. ನೀ ಇಲ್ಲೇ ಅದೀ" ಎಂದು ನನ್ನ ತಲೆಗೆ ಮೆಲ್ಲಗೆ ಮೊಟಕಿದರು. ನಲವತ್ತು ದಾಟಿದ ತಲೆ ಅದು. ಆದರೂ ಹಿತವಾಯಿತು.

ಇಡೀ ಮದುವೆಯನ್ನು ಮತ್ತೆ ಹಾಕಿದೆ, ಎರಡು ತಾಸು ಹಿಡಿಯಿತು. ಹತ್ತು ಪಟ್ಟಲ್ಲ, ಎರಡೂವರೆ ಪಟ್ಟು ಚುರುಕು. ಹೇಳಿಕೊಂಡು ತಿರುಗಿದವರಿಗೆಲ್ಲ ಅದನ್ನೂ ಹೇಳಿದೆ. ಬಾಗಲಕೋಟೆಯ ಎರಡನ್ನೂ ಹೊಸದಾಗಿ ಮಾಡಿ ಬಸ್ಸಿನಲ್ಲಿ ಕಳಿಸಿದೆ. ಏನು ಬದಲಾಗಿದೆ ಎಂದು ಅವರು ಫೋನು ಮಾಡಿ ಕೇಳಿದರು.

ಐತವಾರ ನನಗೂ ಕಾಕಾನ ಮನೆಯಲ್ಲೇ ಊಟ. ಉಸ್ತಾದರನ್ನು ಟಿವಿಯ ಎದುರು ಕುರ್ಚಿಯಲ್ಲಿ ಕೂರಿಸಿದ್ದರು. ಕಾಕಾ ಕೂರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮಗಳು ಹಂದರದೊಳಗೆ ನಡೆದು ಬಂದಳು. ಉಸ್ತಾದರು ಕೈ ಎತ್ತಿದರು. ನಾನು ನಿಲ್ಲಿಸಿದೆ. ಅವರು ಕೋಲೂರಿ ಎದ್ದು, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದರು.

"ಹಿಂದಕ ತಗೊ" ಎಂದರು. ಹಿಂದೆ ತೆಗೆದುಕೊಂಡೆ. ಮತ್ತೆ ನಡೆದು ಬಂದಳು. ಮತ್ತೆ ನಿಲ್ಲಿಸಿದೆ.

"ಕೊಂಡಿ ಯಾರು ಹಾಕಿದ್ರಲೇ?" ತಿರುಗದೆಯೇ ಕೇಳಿದರು.

"ನಾನ ಹಾಕೇನ್ರಿ ಉಸ್ತಾದ್."

"ಒಬ್ಬನ?"

"ಒಬ್ಬನರಿ."

ಉಸ್ತಾದರು ಪರದೆಯ ಮೇಲೆ ಹೆಬ್ಬೆರಳಿನಿಂದ ಸೆರಗಿನ ಅಂಚನ್ನು ಒಮ್ಮೆ ಸವರಿದರು, ಬಟ್ಟೆಯನ್ನು ಸವರುವಂತೆ. "ನನಗ ಹಿಂಗ ಬರ್ತಿದ್ದಿಲ್ಲ" ಎಂದು ಕುರ್ಚಿಗೆ ಮರಳಿದರು.

ಕಾಕಾ ಚೌಕಟ್ಟು ಬಿಟ್ಟು ಒಳಗೆ ಬಂದು ಅವರ ಪಕ್ಕ ನೆಲದ ಮೇಲೆ ಕುಳಿತರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಕಾನ ಹೆಂಡತಿ, ನಮ್ಮ ಕಾಕು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಇನ್ನರೆ ಮುಂದ ಬಿಡಪಾ, ಮದುಮಕ್ಕಳ ತಲಿ ಮ್ಯಾಲ ಅಕ್ಕಿಕಾಳು ಇನ್ನ ಬಿದ್ದಿಲ್ಲ" ಎಂದರು.