ಐಸ್ ರತ್ನಮ್ಮನ ಕಂಬಳಿ ಹಿಮಖಂಡಕ್ಕೆ ಹೋದದ್ದು

ಬಂಗಾರಪೇಟೆಯಿಂದ ಅಂಟಾರ್ಕ್ಟಿಕಾಕ್ಕೆ ನೇರ ರೈಲು ಇಲ್ಲ. ಇದನ್ನು ನಾನು ನಮ್ಮ ಸ್ಟೇಷನ್ನಿನ ಅನೌನ್ಸ್‌ಮೆಂಟ್ ದನಿಯಲ್ಲಿ, ಮೂರು ಭಾಷೆಗಳಲ್ಲಿ, ಮೂಗಿನಿಂದಲೇ ಘೋಷಿಸಿದೆ. ಬೀಳ್ಕೊಡಲು ಬಂದವರೆಲ್ಲ ನಕ್ಕರು. ಅತ್ತೆ ಮಾತ್ರ ನಗಲಿಲ್ಲ.

"ಲೇ ಸೀನ, ಬಾಯ್ ಮುಚ್ಕೊಂಡು ಚೀಲ ಇಡ್ಕೊಳ್ಲಾ. ರೈಲು ಬತ್ತದೆ."

ಮದುವೆ ರಿಸೆಪ್ಷನ್ನುಗಳಲ್ಲಿ ಮಿಮಿಕ್ರಿ ಮಾಡಿ ಬದುಕುವವನು ನಾನು. ನನ್ನ ಸೋದರತ್ತೆ ರತ್ನಮ್ಮ ನಮ್ಮೂರು ರಾಬರ್ಟ್‌ಸನ್‌ಪೇಟೆಗೆಲ್ಲ 'ಐಸ್ ರತ್ನಮ್ಮ'. ಮೀನಿನಂಗಡಿಗೆ, ಸೋಡಾ ಅಂಗಡಿಗೆ, ಛತ್ರಗಳಿಗೆ ಐಸ್ ಗಡ್ಡೆ ಕಳಿಸುತ್ತಿದ್ದ ಫ್ಯಾಕ್ಟರಿ ಅವಳದೂ ಮಾವನದೂ. ಮಾವ ತೀರಿಕೊಂಡ ಮೇಲೆ ಒಬ್ಬಳೇ ನಡೆಸಿ, ಕೊನೆಗೆ ಜಾಗದ ಸಮೇತ ಮಾರಿದಳು. ಮಾರಿದವಳು ತೀರ್ಥಯಾತ್ರೆಗೆ ಹೋಗುತ್ತಾಳೆ ಎಂದುಕೊಂಡಿದ್ದೆವು. "ಯಾರೂ ಮಾಡ್ದೇ ಇರೋ ಐಸ್ ನೋಡ್ಬೇಕು" ಎಂದಳು. ಟಿಕೆಟ್ ಎಷ್ಟು ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಎರಡ್ ಮದ್ವೆ ಮಾಡ್ಬೋದಾಗಿತ್ತು. ಏನ್ ಮಾಡೋದು, ಇವನ್ಗೆ ಒಂದ್ ಎಣ್ಣೂ ಸಿಕ್ತಿಲ್ಲ." ನನ್ನನ್ನು ಕರೆದೊಯ್ದದ್ದು ಇಂಗ್ಲಿಷಿಗಾಗಿ. ನನಗೆ ಆರು ದೇಶಗಳ ಇಂಗ್ಲಿಷ್ ಬರುತ್ತದೆ; ಒಂದರಲ್ಲೂ ವ್ಯಾಕರಣವಿಲ್ಲ.

ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್ ಲೋಕಲ್ ರೈಲಿನಲ್ಲಿ ನಿಂತೇ ಹೋದೆವು. ಅಲ್ಲಿಂದ ಮೂರು ವಿಮಾನ ಬದಲಿಸಿ ಅರ್ಜೆಂಟೀನಾದ ದಕ್ಷಿಣ ತುದಿಯ ಉಶುವಾಯಾ ಎಂಬ ಬಂದರು ಸೇರಿದೆವು. ಬೇಸಿಗೆ ಎಂದು ಹೇಳಿಕೊಂಡು ಅಲ್ಲಿನ ಗಾಳಿ ನನ್ನ ಕಿವಿ ಕಿತ್ತುಕೊಂಡಿತು. ನೂರು ಚಿಲ್ಲರೆ ಪ್ರಯಾಣಿಕರ ಬಿಳಿ ಹಡಗು. ಅತ್ತೆ ಹತ್ತುವ ಮುಂಚೆ ಅದರ ಮೈ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನೂ ಒತ್ತಿಕೊಂಡೆ, ಸಾವಿರ ಕಿಲೋಮೀಟರ್ ಸಮುದ್ರ ಮುಂದಿತ್ತಲ್ಲ.

ಆ ಸಮುದ್ರ ನನ್ನ ಎಲ್ಲ ದನಿಗಳನ್ನೂ ಕಿತ್ತುಕೊಂಡು ಒಂದನ್ನಷ್ಟೇ ಉಳಿಸಿತು: ವಾಂತಿ ಮಾಡುವ ದನಿ. ಅತ್ತೆ ಅಡುಗೆಮನೆಯವರಿಂದ ನಿಂಬೆಹಣ್ಣು ಬೇಡಿ ತಂದು ನನ್ನ ಮೂಗಿಗೆ ಹಿಡಿದು, ತಾನು ಬ್ರೆಡ್ಡಿಗೆ ಕಡಲೆಬೀಜದ ಚಟ್ನಿಪುಡಿ ಹಾಕಿಕೊಂಡು ತಿಂದಳು. "ನಮ್ ಬೇತಮಂಗಲದ ಬಸ್ಸು ಇದ್ಕಿಂತ ಕುಣೀತದೆ."

ಎರಡನೆಯ ದಿನ ಮಧ್ಯಾಹ್ನ ತಪಾಸಣೆ. ಆ ಖಂಡಕ್ಕೆ ಹೊರಗಿನ ಒಂದು ಬೀಜವೂ ಹೋಗಬಾರದು. ಆದ್ದರಿಂದ ಇಳಿಯುವವರು ತೊಡುವ ಬಟ್ಟೆ, ಬೂಟು, ಚೀಲ ಎಲ್ಲವನ್ನೂ ಹಡಗಿನವರು ಪರೀಕ್ಷಿಸುತ್ತಾರೆ. ಮರೀನಾ ಎಂಬ ಅರ್ಜೆಂಟೀನಾದ ಹುಡುಗಿ ಚಿಮುಟ ಹಿಡಿದು ಕೂತಿದ್ದಳು. ನನ್ನ ಜೇಬಿನಲ್ಲಿ ಅವಳಿಗೆ ಸಿಕ್ಕಿದ್ದು ಜೀರಿಗೆ ಪೆಪ್ಪರಮೆಂಟು ಮಾತ್ರ. ಆಮೇಲೆ ಅತ್ತೆ ಮಾವನ ಕರಿ ಕಂಬಳಿಯನ್ನು ಮೇಜಿನ ಮೇಲೆ ಹರಡಿದಳು.

ಮಾವ ಐಸ್ ರೂಮಿಗೆ ಹೊದ್ದು ಹೋಗುತ್ತಿದ್ದ ಕಂಬಳಿ ಅದು. ಅವನ ನಂತರ ಅತ್ತೆ ಹೊದ್ದಳು. ಪರದೇಶಕ್ಕೆ ಕೊಳಕು ಕಂಬಳಿ ಒಯ್ಯಬಾರದೆಂದು, ಹೊರಡುವ ಹಿಂದಿನ ವಾರ ಬೇತಮಂಗಲದ ನಾದಿನಿಯ ಮನೆಗೆ ಹೋಗಿ, ಚೆನ್ನಾಗಿ ಒಗೆದು, ಕೆರೆ ಏರಿಯ ಹುಲ್ಲಿನ ಮೇಲೆ ಹರಡಿ ಒಣಗಿಸಿದ್ದಳು. ಒಗೆಯುವ ಮುಂಚೆ ಅದರಲ್ಲಿ ಬರೀ ಕೊಳೆಯಿತ್ತು. ಒಗೆದ ಮೇಲೆ ಇಡೀ ಏರಿಯ ಉತ್ತರಾಣಿ ಬೀಜ, ಅಂಟುಹುಲ್ಲಿನ ಮುಳ್ಳು ಒಂದೂ ಬಿಡದೆ ಅದರ ಉಣ್ಣೆಯೊಳಗೆ ಕೂತಿದ್ದವು. ಮರೀನಾ ಒಂದು ಕಿತ್ತಳು, ಎರಡು ಕಿತ್ತಳು, ಮೂರನೆಯದಕ್ಕೆ ಚಿಮುಟ ಕೆಳಗಿಟ್ಟಳು.

"ಇದು ಹಡಗಿನಲ್ಲೇ ಇರಲಿ. ಅಮ್ಮ ಮಾತ್ರ ಬರಲಿ" ಎಂದಳು.

ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಕಂಬಳಿ ಮಡಿಚಿಕೊಂಡು, "ಅಂಗಾದ್ರೆ ನಾನೂ ಇಲ್ಲೇ ಇರ್ತೀನಿ ಅಂತ ಯೋಳು" ಎಂದಳು.

"ಅತ್ತೆ, ಎರಡು ಮದ್ವೆ ದುಡ್ಡು!"

"ಓದ್ರೆ ಓಗ್ಲಿ. ನಿಮ್ಮಾವ ಫ್ಯಾಕ್ಟ್ರಿ ಬಿಟ್ಟು ಒಂದಿನ ಎಲ್ಗೂ ಓದೋರಲ್ಲ. 'ಮಿಷನ್ ನಿಂತೋಗ್ತದೆ, ಐಸ್ ಕರಗೋಗ್ತದೆ' ಅಂತ ಸಾಯೋವಾಗ ಮಂಚದ ಮೇಲೂ ಅದೇ ಮಾತು. ಕರಗ್ದೇ ಇರೋ ಐಸ್ ತೋರಿಸ್ತೀನಿ ಅಂತ ಇದನ್ನ ತಂದಿವ್ನಿ."

ಆರು ಇಂಗ್ಲಿಷನ್ನೂ ಕಲಸಿ ಇದನ್ನು ಮರೀನಾಳಿಗೆ ಹೇಗೋ ಹೇಳಿದೆ. ನಮ್ಮ ಪ್ರಯಾಣದಲ್ಲಿ ಖಂಡದ ನೆಲಕ್ಕೆ ಇಳಿಯುವುದಿದ್ದದ್ದು ಒಂದೇ ಸಲ, ಮರುದಿನ ಬೆಳಿಗ್ಗೆ; ಉಳಿದದ್ದೆಲ್ಲ ದ್ವೀಪಗಳು. ಮರೀನಾ ತಲೆ ಕೆರೆದುಕೊಂಡು, "ಬೆಳಿಗ್ಗೆ ಮತ್ತೆ ನೋಡುತ್ತೇನೆ. ಒಂದು ಬೀಜ ಸಿಕ್ಕರೂ ಇಲ್ಲ" ಎಂದು ಚಿಮುಟ ಅತ್ತೆಯ ಕೈಗೇ ಕೊಟ್ಟಳು.

ಹಡಗಿನ ದೊಡ್ಡ ಹಾಲ್‌ನಲ್ಲಿ ಕಂಬಳಿ ಹರಡಿ ಕೂತೆವು. ಅತ್ತೆ ಚಿಮುಟವನ್ನು ನನಗೆ ದಾಟಿಸಿ, ತಲೆಯಲ್ಲಿ ಹೇನು ಹುಡುಕುವ ಹಾಗೆ ಎರಡು ಹೆಬ್ಬೆರಳ ಉಗುರಿನಲ್ಲಿ ಕೆಲಸ ಶುರು ಮಾಡಿದಳು. ಅದು ಚಿಮುಟಕ್ಕಿಂತ ವೇಗವಾಗಿತ್ತು. ಹೋಗಿ ಬರುವವರು ನಿಂತು ನೋಡಿದರು. ಮೊದಲು ಕೂತದ್ದು ಒಬ್ಬ ಜರ್ಮನ್ ಅಜ್ಜಿ, ಆಮೇಲೆ ಅವಳ ಗಂಡ. ಟೀ ಹೊತ್ತಿಗೆ ಕಂಬಳಿಯ ನಾಲ್ಕೂ ಅಂಚಿಗೆ ಜನ. ಕೆಲಸ ಬೇಸರವಾಗದಿರಲೆಂದು ನಾನು ನನ್ನ ಸರಕು ತೆಗೆದೆ: ಬಂಗಾರಪೇಟೆ ಸ್ಟೇಷನ್, ಬಸ್ ಕಂಡಕ್ಟರು, ಸ್ಪೀಕರಿನಲ್ಲಿ ಹವಾಮಾನ ಹೇಳುವ ನಮ್ಮ ಕ್ಯಾಪ್ಟನ್. ಕ್ಯಾಪ್ಟನ್ ನನ್ನ ಹಿಂದೆಯೇ ನಿಂತಿದ್ದದ್ದು ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬನನ್ನು ಬಿಟ್ಟು.

ನಗು ಇಳಿದ ಮೇಲೆ ಅತ್ತೆ ತಲೆಯೆತ್ತದೆ, "ನಿಮ್ಮಾವನ್ ತರ ಬರ್ತದಾ?" ಎಂದಳು.

ಬರುತ್ತಿತ್ತು. ಗೆಳೆಯರ ಮುಂದೆ ಎಷ್ಟೋ ಸಲ ಮಾಡಿದ್ದೆ, ಅವಳ ಮುಂದೆ ಒಮ್ಮೆಯೂ ಇಲ್ಲ. ಗಂಟಲು ಸರಿಮಾಡಿಕೊಂಡೆ. "ಏಯ್, ಯಾವನ್ಲಾ ಅದು? ಡೋರ್ ಮುಚ್ಚಪ್ಪಾ! ಕರೆಂಟೇನು ನಿಮ್ಮಪ್ಪನ್ ಮನೇದಾ?"

ಅತ್ತೆಯ ಉಗುರು ನಿಂತಿತು. ನಾನು ಕೆಟ್ಟೆ ಎಂದುಕೊಂಡೆ.

"ಅಷ್ಟ್ ಮೆತ್ತಗೆ ಬಯ್ತಿರ್ಲಿಲ್ಲ ಕಣ್ಲಾ. ಇನ್ನೊಂದ್ ಸಲ ಬಯ್ಯಿ."

ಬೈದೆ. "ಇನ್ನೂ ಜೋರಾಗಿ." ಮೂರನೆಯ ಬೈಗುಳಕ್ಕೆ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒಂದಕ್ಷರ ಅರ್ಥವಾಗದ ಜರ್ಮನ್ ಅಜ್ಜಿ ಚಪ್ಪಾಳೆ ತಟ್ಟಿದಳು.

ಬೆಳಿಗ್ಗೆ ಮರೀನಾ ಕಂಬಳಿಯನ್ನು ದೀಪಕ್ಕೆ ಹಿಡಿದು, ಮಗುಚಿ, ಅಂಚಿನ ದಾರವನ್ನೆಲ್ಲ ಬೆರಳಿನಿಂದ ತಡವಿದಳು. ಹಿಂದಿನ ದಿನ ಬೀಜ ಕಿತ್ತವರೆಲ್ಲ ಪರೀಕ್ಷೆಯ ಫಲಿತಾಂಶಕ್ಕೆ ನಿಂತವರ ಹಾಗೆ ನಿಂತಿದ್ದೆವು. ಕೊನೆಗೆ ಅವಳು ಕಂಬಳಿಯನ್ನು ತಾನೇ ಅತ್ತೆಯ ಹೆಗಲಿಗೆ ಹೊದಿಸಿದಳು.

ರಬ್ಬರ್ ದೋಣಿಯಲ್ಲಿ ದಡಕ್ಕೆ ಹೋದೆವು. ಬಿಸಿಲಿತ್ತು, ಗಾಳಿ ನಿಂತಿತ್ತು. ದೂರದಲ್ಲಿ ಪೆಂಗ್ವಿನ್‌ಗಳು ಗದ್ದಲ ಮಾಡುತ್ತಿದ್ದವು. ಅವುಗಳ ಹತ್ತಿರ ಹೋಗಬಾರದು, ಸದ್ದು ಮಾಡಬಾರದು ಎಂದು ನನ್ನೊಬ್ಬನಿಗೇ ಎರಡು ಸಲ ಹೇಳಿದ್ದರು. ಅತ್ತೆ ನನ್ನ ಕೈ ಬಿಡಿಸಿಕೊಂಡು ತಾನಾಗಿಯೇ ಇಳಿದಳು. ದಡದಲ್ಲಿ ಕೊಚ್ಚಿಬಂದಿದ್ದ ಒಂದು ಐಸ್ ಗಡ್ಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದಳು. ಆಮೇಲೆ ಹಿಮದ ದಿಬ್ಬದ ಕಡೆ ಕತ್ತೆತ್ತಿದಳು. ಅದು ನೀಲಿ ಆಕಾಶದವರೆಗೂ ಹೋಗಿತ್ತು.

ಹತ್ತು ಹೆಜ್ಜೆ ಹತ್ತುವಷ್ಟರಲ್ಲಿ ಅವಳಿಗೆ ಬೆವರು ಬಂತು. ಒಳಗೆ ಎರಡು ಸ್ವೆಟರು, ಮೇಲೆ ಹಡಗಿನ ಜಾಕೆಟ್ಟು, ಅದರ ಮೇಲೆ ಕಂಬಳಿ. ಸೊನ್ನೆಗಿಂತ ಮೂರು ಡಿಗ್ರಿ ಮೇಲೆ ಎಂದಿದ್ದರು. ಕಂಬಳಿ ತೆಗೆದು ನನ್ನ ಹೆಗಲಿಗೆ ಎಸೆದಳು.

"ಅತ್ತೆ, ಇದನ್ನ ಕೆಳಗಿಡೋ ಹಾಗಿಲ್ಲ, ರೂಲ್ಸು!"

"ಯಾರ್ ಇಡು ಅಂದ್ರು? ನಂಗ್ ಸೆಕೆ. ನಿಮ್ಮಾವನ್ನ ನೀನ್ ಕರ್ಕೊಂಡ್ ಬಾ, ನಾನ್ ಮುಂದ್ಕೆ ಓಗ್ತಿರ್ತೀನಿ."

ಹೋದಳು. ನಾನು ಮಾವನನ್ನು ಹೊತ್ತು ಹಿಂದೆ ಹಿಂದೆ ಹತ್ತಿದೆ. ಅತ್ತೆ ಒಮ್ಮೆಯೂ ತಿರುಗಿ ನೋಡಲಿಲ್ಲ.